ಆಂಟಿಲೋಪ್ ಕಂದರ: ಪ್ರವಾಹದ ಹಾದಿಯಲ್ಲೊಂದು ಪಯಣ

ಅಮೆರಿಕದ ಅರಿಜೋನಾ ರಾಜ್ಯದ ಪೇಜ್ ಪಟ್ಟಣದ ಸಮೀಪ, ನವಾಹೊ ಬುಡಕಟ್ಟಿನವರ ಭೂಮಿಯಲ್ಲಿ ಆಂಟಿಲೋಪ್ ಕಂದರವಿದೆ. ಕಣಿವೆ ಎನ್ನುವುದಕ್ಕಿಂತ ಬಂಡೆಯ ಬಿರುಕು ಎಂದರೆ ಹೆಚ್ಚು ಒಪ್ಪೀತು. ಮೇಲಣ ಮತ್ತು ಕೆಳಗಣ ಎಂದು ಇದರಲ್ಲಿ ಎರಡು ಭಾಗಗಳು. ಮೇಲಣ ಕಂದರದ ನವಾಹೊ ಹೆಸರಿಗೆ 'ಬಂಡೆಗಳ ನಡುವೆ ನೀರು ಹರಿಯುವ ತಾಣ' ಎಂಬ ಅರ್ಥವಿದೆ. ಅಲ್ಲಿಗೆ ಡಾಂಬರು ರಸ್ತೆಯಿಲ್ಲ. ಮಾರ್ಗದರ್ಶಕರು ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ವಾಹನದಲ್ಲಿ, ಒಣಗಿದ ಹಳ್ಳದ ಮರಳಿನ ಮೇಲೆಯೇ ಕರೆದೊಯ್ಯುತ್ತಾರೆ. ಮೈಕೈ ಕುಲುಕಿತೆಂದು ಗೊಣಗುವವರು, ತಾವು ಸಾಗುತ್ತಿರುವುದು ಪ್ರವಾಹದ ಹಾದಿಯಲ್ಲಿ ಎಂಬುದನ್ನು ಮರೆತಿರುತ್ತಾರೆ.

ಒಳಹೊಕ್ಕರೆ ಕೆಂಪು ಮರಳುಗಲ್ಲಿನ ಗೋಡೆಗಳು ಅಲೆಯಲೆಯಾಗಿ ಸುಮಾರು 120 ಅಡಿ ಮೇಲೇರುತ್ತವೆ. ಬೇಸಿಗೆಯ ನಡುಹಗಲಲ್ಲಿ ಬಿಸಿಲುಕೋಲು ನೆಲದವರೆಗೆ ಇಳಿಯುತ್ತದೆ. ಈ ನುಣುಪನ್ನು ಕಡೆದಿರುವುದು ಹಠಾತ್ ಪ್ರವಾಹದ ನೀರು ಮತ್ತು ಅದು ಹೊತ್ತು ತರುವ ಮರಳು. ಆ ಕೆಲಸ ಇನ್ನೂ ನಡೆದೇ ಇದೆ.

1997ರ ಆಗಸ್ಟ್ 12ರಂದು ಕೆಳಗಣ ಕಂದರದಲ್ಲಿದ್ದ 11 ಪ್ರವಾಸಿಗರು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಅಲ್ಲಿ ಮಳೆ ಅತ್ಯಲ್ಪ. ಬಿರುಮಳೆ ಸುರಿದದ್ದು ಮೈಲಿಗಳಾಚೆ. ಗಿಡಮರಗಳಿಲ್ಲದ ಬಂಡೆನೆಲ ನೀರನ್ನು ಹೀರದು. ಅಷ್ಟೂ ಆ ಬಿರುಕಿಗೇ ನುಗ್ಗುತ್ತದೆ. ಆ ದುರಂತದ ಬಳಿಕ ಭದ್ರವಾದ ಲೋಹದ ಮೆಟ್ಟಿಲುಗಳು ಬಂದವು. ಇಂದು ಮಾರ್ಗದರ್ಶಕರಿಲ್ಲದೆ ಎರಡೂ ಕಂದರಗಳಿಗೆ ಪ್ರವೇಶವಿಲ್ಲ. ತಲೆಯ ಮೇಲಿನ ಆಕಾಶ ತಿಳಿಯಾಗಿರುವಾಗಲೇ ಅವರು ಪ್ರವಾಸವನ್ನು ರದ್ದುಪಡಿಸಿದರೆ, ದಯವಿಟ್ಟು ವಾದಕ್ಕಿಳಿಯಬೇಡಿ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ತೆರಳುವ ನಮ್ಮ ಹಿರಿಯರಿಗೆ ಇನ್ನೊಂದು ಮಾತು: ಬೇಸಿಗೆಯಲ್ಲಿ ನವಾಹೊ ಭೂಮಿಯ ಗಡಿಯಾರ ಪೇಜ್ ಪಟ್ಟಣದ್ದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಪ್ರವಾಸ ಹೊರಡುವುದು ಪೇಜ್ ವೇಳೆಗೆ; ಕಿಸೆಯ ಮೊಬೈಲನ್ನು ನಂಬುವಂತಿಲ್ಲ.