'ತಿಳಿಸ್ತೀವಿ' ಅಂದವರು ತಿಳಿಸದೇ ಹೋದರೆ ಏನು ಮಾಡೋದು?

'ವಿ ವಿಲ್ ಗೆಟ್ ಬ್ಯಾಕ್ ಟು ಯು.' ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕೋಣೆಯಾಗಲಿ, ಪೀಣ್ಯದ ಸಣ್ಣ ಫ್ಯಾಕ್ಟರಿಯ ಆಫೀಸಾಗಲಿ, ಇಂಟರ್‌ವ್ಯೂ ಮುಗಿಯೋದು ಬಹುತೇಕ ಇದೇ ಮಾತಿನಿಂದ. ಆಮೇಲೆ ಮೌನ. ಒಂದು ವಾರ, ಎರಡು ವಾರ. ಸ್ಪ್ಯಾಮ್ ಫೋಲ್ಡರ್ ತೆಗೆದು ನೋಡೋದು, ಎಚ್‌ಆರ್ ವಾಟ್ಸಾಪ್‌ನಲ್ಲಿ ಆನ್‌ಲೈನ್ ಇದ್ದಾರಾ ಅಂತ ಇಣುಕೋದು. ಫಾಲೋ ಅಪ್ ಮಾಡಬೇಕಾ, ಎಷ್ಟು ಸಲ ಕೇಳಬಹುದು, ಕೇಳಿದರೆ ಬೇಜಾರು ಮಾಡ್ಕೋತಾರಾ ಎಂಬ ಪ್ರಶ್ನೆಗಳಿಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಸಲಹೆ ಸಿಗುತ್ತೆ. ಉತ್ತರ ಕೊಡಬೇಕಾದ ಹೊಣೆ ಯಾರದ್ದು ಅಂತ ಕೇಳುವವರು ಕಡಿಮೆ.

ಮೊದಲು ಆ ಕಡೆ ಏನು ನಡೀತಿರುತ್ತೆ ನೋಡೋಣ. ನಿಮ್ಮನ್ನು ಇಂಟರ್‌ವ್ಯೂ ಮಾಡಿದವರಿಗೆ ಕೆಲಸ ಕೊಡುವ ಅಧಿಕಾರ ಹೆಚ್ಚಿನ ಸಲ ಇರಲ್ಲ. ಪ್ಯಾನೆಲ್‌ನವರು ಫೀಡ್‌ಬ್ಯಾಕ್ ಬರೆಯಬೇಕು, ಹೈರಿಂಗ್ ಮ್ಯಾನೇಜರ್ ಒಪ್ಪಬೇಕು, ಸಂಬಳಕ್ಕೆ ಫೈನಾನ್ಸ್‌ನಿಂದ ಅನುಮತಿ ಬರಬೇಕು. ನಡುವೆ ಒಬ್ಬರು ರಜೆ ಹಾಕಿದರೂ ಎಲ್ಲ ಅಲ್ಲೇ ನಿಲ್ಲುತ್ತೆ. ಬಜೆಟ್ ಕಟ್ ಆದರೆ ಹುದ್ದೆಯೇ 'ಹೋಲ್ಡ್'. ಅದನ್ನು ಎಚ್‌ಆರ್‌ಗೇ ತಡವಾಗಿ ಹೇಳಿರ್ತಾರೆ.

ಹಾಗಂತ ಎಲ್ಲ ಮೌನವೂ ಅಸಡ್ಡೆಯಿಂದ ಬಂದದ್ದಲ್ಲ. ಕೆಲವಕ್ಕೆ ಲೆಕ್ಕಾಚಾರ ಇರುತ್ತೆ. ನಮ್ಮ ಐಟಿ ವಲಯದಲ್ಲಿ 60ರಿಂದ 90 ದಿನಗಳ ನೋಟಿಸ್ ಪೀರಿಯಡ್ ಸಾಮಾನ್ಯ. ಆಫರ್ ಒಪ್ಪಿಕೊಂಡವರು ಆ ಮೂರು ತಿಂಗಳಲ್ಲಿ ಇನ್ನೆರಡು ಕಡೆ ಇಂಟರ್‌ವ್ಯೂ ಕೊಟ್ಟು, ಜಾಸ್ತಿ ಸಂಬಳ ಸಿಕ್ಕ ಕಡೆ ಹೋಗಿಬಿಡಬಹುದು. ಇದು ಕಂಪನಿಗೂ ಗೊತ್ತು. ಹಾಗಾಗಿ ಪಟ್ಟಿಯಲ್ಲಿ ಎರಡನೇ, ಮೂರನೇ ಸ್ಥಾನದಲ್ಲಿ ಇರುವವರಿಗೆ 'ಇಲ್ಲ' ಅನ್ನೋದೇ ಇಲ್ಲ. ಸ್ಟೆಪ್ನಿ ಥರ ಡಿಕ್ಕಿಯಲ್ಲಿ ಇಟ್ಟುಕೊಂಡಿರ್ತಾರೆ. ಕಂಪನಿಯ ರಿಸ್ಕ್ ಕಡಿಮೆಯಾಗುತ್ತೆ, ಕಾಯುವ ಖರ್ಚು ನಿಮ್ಮದು.

ಕನ್ಸಲ್ಟೆನ್ಸಿ ಮೂಲಕ ಹೋದವರ ಕಥೆ ಇನ್ನೂ ಬೇರೆ. ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ತಾನೇ ಅವರಿಗೆ ಕಮಿಷನ್. ಅದಕ್ಕೇ ಇಂಟರ್‌ವ್ಯೂ ದಿನದ ತನಕ ಹತ್ತು ಸಲ ಫೋನ್ ಮಾಡುವವರು, ಮರುದಿನದಿಂದ ಫೋನ್ ಎತ್ತಲ್ಲ.

ಇದೆಲ್ಲ ಗೊತ್ತಿದ್ದರೆ ಫಾಲೋ ಅಪ್ ಹೇಗೆ ಮಾಡಬೇಕು ಅನ್ನೋದು ಸುಲಭ. ಕೆಲಸ ಶುರುವಾಗೋದು ಇಂಟರ್‌ವ್ಯೂ ಕೋಣೆಯಲ್ಲೇ. 'ಏನಾದರೂ ಪ್ರಶ್ನೆ ಇದೆಯಾ?' ಅಂತ ಕೇಳಿದಾಗ ಎರಡು ವಿಷಯ ಕೇಳಿ: ಯಾವಾಗ ಗೊತ್ತಾಗುತ್ತೆ, ಯಾರನ್ನ ಸಂಪರ್ಕಿಸಬೇಕು. ಅವರ ಬಾಯಿಂದ ಒಂದು ದಿನಾಂಕ ಬಂದರೆ ಆಮೇಲೆ ನೀವು ಕಳಿಸುವ ಮೇಲ್ ಕಿರಿಕಿರಿ ಅನ್ನಿಸಲ್ಲ, ಅವರದೇ ಮಾತನ್ನು ನೆನಪಿಸಿದಂತೆ ಆಗುತ್ತೆ. ಮರುದಿನ ಧನ್ಯವಾದ ಹೇಳುವ ಎರಡು ಸಾಲಿನ ಮೇಲ್ ಸಾಕು. ಹೇಳಿದ ದಿನ ದಾಟಿ ಎರಡು ಕೆಲಸದ ದಿನ ಕಳೆದ ಮೇಲೆ ಕೇಳಿ. ದಿನಾಂಕವೇ ಕೊಟ್ಟಿಲ್ಲದಿದ್ದರೆ ಒಂದು ವಾರ, ಹತ್ತು ದಿನ ಬಿಡಿ. ಏನು ಬರೆಯೋದು? ಇಷ್ಟು:

'12ನೇ ತಾರೀಖು ಟೆಸ್ಟ್ ಎಂಜಿನಿಯರ್ ಹುದ್ದೆಯ ಎರಡನೇ ಸುತ್ತಿಗೆ ಬಂದಿದ್ದೆ. ಒಂದು ವಾರದಲ್ಲಿ ತಿಳಿಸುವುದಾಗಿ ಹೇಳಿದ್ದಿರಿ. ಪ್ರಕ್ರಿಯೆ ಯಾವ ಹಂತದಲ್ಲಿದೆ ತಿಳಿಸಿದರೆ ಅನುಕೂಲವಾಗುತ್ತದೆ.'

'ಡಿಸ್ಟರ್ಬ್ ಮಾಡಿದ್ದಕ್ಕೆ ಸಾರಿ' ಬೇಡ. ಮನೆಯ ಕಷ್ಟ ಬೇಡ. 'ಕೈಂಡ್ಲಿ ಡೂ ದ ನೀಡ್‌ಫುಲ್' ಅಂತೂ ಬೇಡವೇ ಬೇಡ, ಅದು ಕಾಲೇಜಿನ ರಜಾ ಅರ್ಜಿಯಿಂದ ನಮಗೆ ಅಂಟಿಕೊಂಡ ಭಾಷೆ. ಅದೇ ಹಳೇ ಮೇಲ್‌ಗೆ ರಿಪ್ಲೈ ಮಾಡಿ, ಹೊಸದು ಶುರು ಮಾಡಬೇಡಿ. ಉತ್ತರ ಬರದಿದ್ದರೆ ಇನ್ನೊಂದು ವಾರ ಬಿಟ್ಟು ಎರಡನೇ ಸಲ. ಅದಕ್ಕೂ ಬರದಿದ್ದರೆ ಅದನ್ನೇ ಉತ್ತರ ಅಂತ ಓದಿಕೊಂಡು ಮುಂದಿನ ಅರ್ಜಿ ಹಾಕಿ. ನನ್ನ ಪ್ರಕಾರ ಮೂರನೇ ಮೇಲ್‌ಗೆ ಒಂದೇ ಸಮರ್ಥನೆ ಇದೆ: ಕೈಯಲ್ಲಿ ಇನ್ನೊಂದು ಆಫರ್ ಇದ್ದು, ಇಂಥ ದಿನದೊಳಗೆ ಉತ್ತರ ಕೊಡಬೇಕಾಗಿದೆ ಅನ್ನೋದು. ತಿಂಗಳಿಂದ ನಿಂತಿದ್ದ ಫೈಲು ಇದರಿಂದ ಓಡೋದೂ ಉಂಟು. ಇಲ್ಲದ ಆಫರ್ ಇದೆ ಅಂತ ಹೇಳೋಕೆ ಹೋಗಬೇಡಿ, ಲೆಟರ್ ತೋರಿಸಿ ಅಂತಾರೆ.

ಫಾಲೋ ಅಪ್ ಉಲ್ಟಾ ದಿಕ್ಕಿನಿಂದ ಬಂದರೆ, ಅಂದರೆ 'ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ' ಅಂತ ಅವರೇ ಫೋನ್ ಮಾಡಿದರೆ, ಅದು ವಂಚನೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು 'ಸೆಲೆಕ್ಟ್ ಆಗಿದ್ದೀರಿ' ಅನ್ನೋ ನಿಜವಾದ ಮಾತಿಗೂ ಎಷ್ಟು ಬೆಲೆ? ಬಾಯಿಮಾತನ್ನು ನಂಬಿ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬಾರದು ಅನ್ನೋದು ಎಲ್ಲರಿಗೂ ಗೊತ್ತು. ಕೈಯಲ್ಲಿ ಕಾಗದ ಇದ್ದರೂ ಕಾಯಬೇಕಾಗುತ್ತೆ ಅಂತ ತೋರಿಸಿದ್ದು ಇನ್ಫೋಸಿಸ್ ಪ್ರಕರಣ. 2022ರ ಬ್ಯಾಚಿನ ಸುಮಾರು 2,000 ಎಂಜಿನಿಯರಿಂಗ್ ಪದವೀಧರರಿಗೆ ಆಫರ್ ಸಿಕ್ಕಿ ಎರಡು ವರ್ಷವಾದರೂ ಸೇರುವ ದಿನಾಂಕ ಸಿಕ್ಕಿರಲಿಲ್ಲ ಎಂದು ಪುಣೆಯ ಐಟಿ ನೌಕರರ ಸಂಘಟನೆ ನೈಟ್ಸ್ 2024ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಸಚಿವಾಲಯ ಕರ್ನಾಟಕದ ಕಾರ್ಮಿಕ ಇಲಾಖೆಗೆ ಪತ್ರ ಬರೆಯಿತು. ಕೊಟ್ಟ ಆಫರ್‌ಗಳನ್ನೆಲ್ಲ ಗೌರವಿಸುತ್ತೇವೆ ಎಂದು ಕಂಪನಿ ಹೇಳಿತು, ಆಮೇಲೆ ಸೇರಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ಮೈಸೂರು ಕ್ಯಾಂಪಸ್ಸಿನಲ್ಲಿ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂದು 300ಕ್ಕೂ ಹೆಚ್ಚು ಟ್ರೈನಿಗಳನ್ನು ಹೊರಕಳಿಸಲಾಯಿತು. ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದು ಸಂಘಟನೆ ಹೇಳಿತು. ಎರಡು ವರ್ಷ ಒಬ್ಬೊಬ್ಬರೇ ಮೇಲ್ ಕಳಿಸಿದಾಗ ಆಗದ ಕೆಲಸ, ಒಟ್ಟಾಗಿ ದೂರು ಕೊಟ್ಟಾಗ ಆಯಿತು ಅನ್ನೋದನ್ನ ಗಮನಿಸಿ.

ಕಾನೂನು ಏನು ಹೇಳುತ್ತೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕಡ್ಡಾಯ ಅನ್ನುತ್ತವೆ. ಆದರೆ ಅದು ಕೆಲಸಕ್ಕೆ ಸೇರಿದವರಿಗೆ. ಇಂಟರ್‌ವ್ಯೂ ಮುಗಿಸಿ ಲಿಫ್ಟ್ ಇಳಿದವರಿಗೆ ಖಾಸಗಿ ಕಂಪನಿ ಒಂದು ಸಾಲಿನ ಉತ್ತರ ಕೊಡಬೇಕು ಅನ್ನುವ ನಿಯಮ ನಮ್ಮಲ್ಲಿಲ್ಲ.

ಸರ್ಕಾರಿ ನೇಮಕಾತಿಗೆ ಹಾಗಲ್ಲ. ಕೆಪಿಎಸ್‌ಸಿ ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಅಭ್ಯರ್ಥಿ ತನ್ನ ಉತ್ತರ ಪತ್ರಿಕೆಯನ್ನೂ ಸಂದರ್ಶನದ ಅಂಕವನ್ನೂ ಕೇಳಬಹುದು, ಅಂಕ ಹಾಕಿದವರ ಹೆಸರನ್ನು ಮಾತ್ರ ಕೇಳುವಂತಿಲ್ಲ ಎಂದು ಕೇರಳ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. 2018ರಲ್ಲಿ ಯುಪಿಎಸ್‌ಸಿ ಪ್ರಕರಣದಲ್ಲಿ ಅದೇ ಕೋರ್ಟ್ ಸ್ವಲ್ಪ ಬಿಗಿ ಮಾಡಿದ್ದೂ ನಿಜ. ಕೆಪಿಎಸ್‌ಸಿ ಏನೂ ಸಾಚಾ ಅಲ್ಲ. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಹಗರಣ ಯಾರೂ ಮರೆತಿಲ್ಲ. ಆದರೆ ಅಲ್ಲಿ ಅಂಕಪಟ್ಟಿ ಇತ್ತು, ಅದಕ್ಕೇ ಅದು ಹಗರಣವಾಯಿತು. ಖಾಸಗಿ ಕಂಪನಿಯ ಮೌನದಲ್ಲಿ ಹಿಡಿಯೋಕೆ ಏನೂ ಸಿಗಲ್ಲ.

ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ ಅನ್ನೋದು ಇಲ್ಲೇ. ಸುಖದೇವ್ ಥೋರಟ್ ಮತ್ತು ಪೌಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಥರದ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಕಳಿಸಲಾಗಿತ್ತು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರುಗಳಿಗಿಂತ ಕಡಿಮೆಯಿತ್ತು. ಉತ್ತರವೇ ಬರದಿದ್ದಾಗ, ಕೋಡಿಂಗ್ ಸುತ್ತಿನಲ್ಲಿ ಎಡವಿದ್ದಕ್ಕಾ ಅಥವಾ 'ಊರು ಯಾವುದು, ಫುಲ್ ನೇಮ್ ಏನು' ಎಂದು ಕೇಳಿದ್ದಕ್ಕಾ ಅಂತ ತಿಳಿಯೋದು ಹೇಗೆ? ಲಿಂಗದ ಕಾರಣಕ್ಕೆ ನೇಮಕಾತಿಯಲ್ಲಿ ಭೇದ ಮಾಡಬಾರದು ಎಂದು ವೇತನ ಸಂಹಿತೆ ಹೇಳುತ್ತೆ. ಮದುವೆ ಯಾವಾಗ ಅಂತ ಕೇಳಿಸಿಕೊಂಡು ಬಂದ ಹುಡುಗಿ ಅದನ್ನು ಸಾಬೀತು ಮಾಡಬೇಕಾದರೆ ಮೊದಲು ಕಂಪನಿ 'ಇಲ್ಲ' ಅಂತಾದರೂ ಹೇಳಿರಬೇಕಲ್ಲ.

ಕೆನಡಾದ ಒಂಟಾರಿಯೋ ಪ್ರಾಂತ್ಯ ಇದಕ್ಕೆ ಕಾನೂನು ಮಾಡಿದೆ. 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಕಂಪನಿ ಜಾಹೀರಾತು ಕೊಟ್ಟ ಹುದ್ದೆಗೆ ಇಂಟರ್‌ವ್ಯೂ ಮಾಡಿದರೆ, ಕೊನೆಯ ಇಂಟರ್‌ವ್ಯೂನಿಂದ 45 ದಿನದೊಳಗೆ ನೇಮಕಾತಿ ತೀರ್ಮಾನವಾಗಿದೆಯೋ ಇಲ್ಲವೋ ಎಂದು ಅಭ್ಯರ್ಥಿಗೆ ತಿಳಿಸಲೇಬೇಕು. ಹುದ್ದೆ ನಿಜಕ್ಕೂ ಖಾಲಿ ಇದೆಯಾ, ಅರ್ಜಿ ಜಾಲಾಡಲು ಕೃತಕ ಬುದ್ಧಿಮತ್ತೆ ಬಳಸ್ತೀರಾ ಅನ್ನೋದನ್ನ ಜಾಹೀರಾತಿನಲ್ಲೇ ಹೇಳಬೇಕು. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕಾರಣ ಕೊಡಬೇಕಾಗಿಲ್ಲ. ಅಷ್ಟರ ಮಟ್ಟಿಗೆ ಅದೂ ಅರೆಬರೆ ಕಾನೂನೇ.

ನಮ್ಮಲ್ಲಿ 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮಸೂದೆ ಬಂದು, ಉದ್ಯಮಿಗಳು ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ತಡೆಹಿಡಿಯಲ್ಪಟ್ಟಿತು. ಮ್ಯಾನೇಜ್‌ಮೆಂಟ್ ಹುದ್ದೆಗೆ ಶೇ. 50, ಉಳಿದದ್ದಕ್ಕೆ ಶೇ. 70 ಎಂದು ಪರಸ್ಪರ ಜಗಳವಾಡಿದೆವು. ಇಂಟರ್‌ವ್ಯೂಗೆ ಕರೆದವರಿಗೆ ಉತ್ತರ ಕೊಡಿ ಅನ್ನುವ ಒಂದು ಕಲಂ ಯಾರ ತಲೆಗೂ ಹೊಳೆದಂತೆ ಕಾಣಲಿಲ್ಲ. ಅದಕ್ಕೆ ಬಂಡವಾಳ ಬೇರೆ ರಾಜ್ಯಕ್ಕೆ ಓಡಿಹೋಗುತ್ತೆ ಎಂಬ ಬೆದರಿಕೆಯೂ ಹಾಕೋಕಾಗಲ್ಲ. ದೊಡ್ಡ ಕಂಪನಿಗಳ ನೇಮಕಾತಿ ಸಾಫ್ಟ್‌ವೇರ್‌ನಲ್ಲಿ ಅಭ್ಯರ್ಥಿಯ ಸ್ಟೇಟಸ್ ಬದಲಿಸಿದರೆ ಮೇಲ್ ತಾನಾಗೇ ಹೋಗುವ ವ್ಯವಸ್ಥೆ ಈಗಾಗಲೇ ಇದೆ. ಒಂದು ಬಟನ್ ಒತ್ತಬೇಕು, ಅಷ್ಟೆ.