ಭದ್ರೆಯ ತಡಿಯಿಂದ ತುಂಗೆಯ ತಡಿಗೆ

ನರಸಿಂಹರಾಜಪುರದಿಂದ ಕೊಪ್ಪದ ಮಾರ್ಗವಾಗಿ ಶೃಂಗೇರಿಗೆ ಹಳೆಯ ಅಂಬಾಸಿಡರ್ ಕಾರಿನಲ್ಲಿ ಹೊರಡುವವರು ಅವಸರವನ್ನು ಮನೆಯಲ್ಲಿಯೇ ಬಿಟ್ಟು ಹೊರಡತಕ್ಕದ್ದು. ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಅದರ ಬಿಡಿಭಾಗಗಳನ್ನು ಅರಸುವುದೇ ಇಂದು ಒಂದು ಯಾತ್ರೆ.

ನರಸಿಂಹರಾಜಪುರದ ಹಿಂದಿನ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜರ ನೆನಪಿಗಾಗಿ ಈಗಿನ ಹೆಸರು ಬಂದಿತು. ಭದ್ರಾ ಜಲಾಶಯದ ಹಿನ್ನೀರನ್ನು ಹಿಂದಿಕ್ಕಿದರೆ ಅಡಕೆಯ ತೋಟಗಳು, ಗದ್ದೆಬಯಲು, ತಿರುವಿನ ಮೇಲೆ ತಿರುವು. ಏರಿನಲ್ಲಿ ಎಂಜಿನ್ ಕಾದರೆ ಬಾನೆಟ್ಟನ್ನೆತ್ತಿ ಮರದ ನೆರಳಿನಲ್ಲಿ ನಿಲ್ಲಬೇಕು. ಅದು ಆರುವ ಮೊದಲೇ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮೀತು!

ಕೊಪ್ಪದಲ್ಲಿ ವಾಹನಗಳದ್ದೇ ಬೇರೊಂದು ಕಥೆಯಿದೆ. ತಾವು ದುಡಿಯುತ್ತಿದ್ದ ಬಸ್ ಕಂಪನಿ ಮುಚ್ಚಿದಾಗ ಕಾರ್ಮಿಕರು ಎದೆಗುಂದಲಿಲ್ಲ. 1991ರಲ್ಲಿ ತಾವೇ ಕೂಡಿ 'ಸಹಕಾರ ಸಾರಿಗೆ'ಯನ್ನು ಕಟ್ಟಿದರು. ಚಾಲಕನೂ ನಿರ್ವಾಹಕನೂ ಅಲ್ಲಿ ಒಡೆಯರೇ. ಮಲೆನಾಡಿನ ಹಳ್ಳಿಹಳ್ಳಿಗಳನ್ನು ಮುಟ್ಟುತ್ತಿದ್ದ ಆ ಬಸ್ಸುಗಳು 2020ರಲ್ಲಿ ನಿಂತುಹೋದುವು.

ಹರಿಹರಪುರದಲ್ಲಿ ತುಂಗೆಯ ದರ್ಶನವಾಗುತ್ತದೆ, ಮುಂದೆ ಶೃಂಗೇರಿ. ಅಲ್ಲಿಯ ವಿದ್ಯಾಶಂಕರ ದೇಗುಲದ ಶಿಲೆ ಶತಮಾನಗಳ ಮಳೆಯನ್ನು ತಾಳಿ ನಿಂತಿದೆ. ಕಬ್ಬಿಣಕ್ಕೆ ಅಂತಹ ಆಯುಷ್ಯವೆಲ್ಲಿ? ಅದರ ಬಾಳೆಲ್ಲ ಮೆಕ್ಯಾನಿಕ್ಕಿನ ಕೈಯಲ್ಲಿದೆ. ಹಳೆಯ ಎಂಜಿನ್ನಿನ ದನಿಯಿಂದಲೇ ಅದರ ಬೇನೆಯನ್ನು ಅರಿಯಬಲ್ಲ ಕಿವಿಗಳು ಇರುವವರೆಗೆ ಮಾತ್ರ ಈ ಹಾದಿಯಲ್ಲಿ ಹಳೆಯ ಕಾರು ಓಡೀತು.