ಗಾಡಿಯ ಕೀಲಿಯನ್ನು ಹಿಂತಿರುಗಿಸುವ ಮುನ್ನ

ಪುಣೆಯಿಂದ ಹಡಪ್ಸರ, ದಿವೆ ಘಾಟ್, ಸಾಸವಡಗಳನ್ನು ದಾಟಿ ಸುಮಾರು 50 ಕಿಲೋಮೀಟರು ಕ್ರಮಿಸಿದರೆ ಜೇಜುರಿ ಸಿಗುತ್ತದೆ. ಅಲ್ಲಿಯ ಖಂಡೋಬಾ ನಮ್ಮ ಮೈಲಾರಲಿಂಗನೇ ಆದುದರಿಂದ ಕನ್ನಡಿಗರಿಗೆ ಆ ಕ್ಷೇತ್ರವು ಪರಕೀಯವಲ್ಲ. ಭಂಡಾರದ ಅರಿಶಿನದಲ್ಲಿ ಮಿಂದ ಆ ಊರಿಗೆ ಇಂದು ಭಕ್ತರಷ್ಟೇ ಅಲ್ಲ, ಮೊಬೈಲಿನಲ್ಲಿ ಕೊಂಡ ಸರಕಿನ ಪೆಟ್ಟಿಗೆಗಳೂ ದಿನವಹಿ ಬರುತ್ತವೆ. ಅವುಗಳನ್ನು ಮನೆಮನೆಗೆ ಮುಟ್ಟಿಸುವ ತರುಣರು ಕೆಲವೇ ತಿಂಗಳುಗಳಲ್ಲಿ ಕೆಲಸ ಬಿಟ್ಟರೆ ಹಿರಿಯರು ಸೋಮಾರಿತನವೆನ್ನುವುದು ವಾಡಿಕೆ. ಲೆಕ್ಕವನ್ನೂ ಆರೋಗ್ಯವನ್ನೂ ಒಟ್ಟಿಗಿಟ್ಟು ನೋಡಿದರೆ ಆ ಮಾತು ನಿಲ್ಲಲಾರದು.

ಕೈಗೆ ಬಂದುದು, ಉಳಿದುದು

ಉದಾಹರಣೆಗೆ, ಸ್ವಂತ ದ್ವಿಚಕ್ರ ವಾಹನವುಳ್ಳವನಿಗೆ ತಿಂಗಳಿಗೆ 24,000 ರೂಪಾಯಿ ಬಂದಿತೆನ್ನೋಣ. ಪೆಟ್ರೋಲಿಗೆ 6,000, ಸಾಲದ ಕಂತಿಗೆ 3,500, ಟಯರು, ದುರಸ್ತಿ, ವಿಮೆಗಳಿಗೆ 2,000 ಕಳೆದರೆ ಉಳಿಯುವುದು 12,500. ದಿನಕ್ಕೆ 11 ಗಂಟೆಯಂತೆ 26 ದಿನ ದುಡಿದರೆ ಗಂಟೆಗೆ ಬಿದ್ದುದು ಸುಮಾರು 44 ರೂಪಾಯಿ ಮಾತ್ರ. ಸಾಲ ತೀರಿದ ಮೇಲೂ ಗಾಡಿಯ ಸವಕಳಿ ನಿಲ್ಲದು. ಸೋಮವತಿ ಅಮಾವಾಸ್ಯೆಯ ಜಾತ್ರೆಯಲ್ಲಾಗಲಿ, ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಸಾಗುವಾಗಲಾಗಲಿ, ದಾರಿ ಕಟ್ಟಿದರೆ ಹೊತ್ತು ಹೋಗುತ್ತದೆ. ಪೆಟ್ಟಿಗೆಯ ಎಣಿಕೆಯ ಮೇಲೆ ಕೂಲಿ ಪಡೆಯುವವನಿಗೆ ಆ ಹೊತ್ತಿನ ಹಣ ದೊರೆಯದು.

ದೇಹದ ಸವಕಳಿ

ವಾಹನದ ಲೆಕ್ಕವನ್ನಾದರೂ ಬರೆಯಬಹುದು. ದೇಹದ ಲೆಕ್ಕವನ್ನು ಬರೆಯುವವರಾರು? ಇಡೀ ದಿನದ ಕುಲುಕಾಟ, ಸೊಂಟ ತಿರುಗಿಸಿ ಭಾರವೆತ್ತುವುದು, ಇವೆರಡೂ ಬೆನ್ನುಮೂಳೆಯ ನಡುವಣ ಮೆತ್ತೆಗಳಿಗೆ ಹಾನಿಕರ. ಶೌಚಾಲಯ ಸಿಗದೆಂಬ ಅಂಜಿಕೆಯಿಂದ ನೀರು ಕುಡಿಯದವರಿಗೆ ಮೂತ್ರದ ಸೋಂಕು, ಮೂತ್ರಪಿಂಡದ ಕಲ್ಲುಗಳ ಭಯವಿದೆ. ನಿದ್ದೆಗೆಟ್ಟ ಚಾಲಕನಿಗೆ ಘಾಟಿನ ತಿರುವು ಅಪಾಯಕಾರಿ. ನೋವು ಸೊಂಟದಿಂದ ಕಾಲಿಗಿಳಿದು ಜೋಮು ಹಿಡಿದರೆ ವೈದ್ಯರನ್ನು ಕಾಣಬೇಕು. ಮೂತ್ರದ ಹಿಡಿತ ತಪ್ಪಿದರೆ ಅಥವಾ ಕಾಲಿನ ಬಲ ಕುಂದಿದರೆ ಒಂದು ದಿನವೂ ತಡೆಯಬಾರದು.

ಕಾಯಿದೆಯ ನೆರಳು

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ಇಂದಿನ ವಿತರಕನಿಗೆ 'ಪಾಲುದಾರ'ನೆಂಬ ಬಿರುದಿದೆ, ಆದರೆ ನೌಕರನ ಹಕ್ಕುಗಳಿಲ್ಲ. ನೀತಿ ಆಯೋಗದ 2022ರ ವರದಿಯಂತೆ, ಇಂತಹ ಬಿಡಿಗೆಲಸಗಾರರು 2020–21ರಲ್ಲಿ 77 ಲಕ್ಷದಷ್ಟಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಇವರನ್ನು ಗುರುತಿಸಿ, ಕಂಪನಿಗಳ ವಾರ್ಷಿಕ ವಹಿವಾಟಿನ ಶೇಕಡ 1ರಿಂದ 2ರಷ್ಟನ್ನು ಕ್ಷೇಮನಿಧಿಗೆ ಕೊಡಿಸಲು ಅವಕಾಶವಿತ್ತಿದೆ. ದುಡಿಮೆಯ ಗಂಟೆಗಳಿಗೆ ಮಾತ್ರ ಅದರಲ್ಲಿ ಮಿತಿಯಿಲ್ಲ. ಕರ್ನಾಟಕವು 2025ರಲ್ಲಿ ತನ್ನದೇ ಕಾಯಿದೆ ಮಾಡಿದೆಯಾದರೂ, ಜೇಜುರಿಯಲ್ಲಿ ದುಡಿಯುವ ಕನ್ನಡಿಗನಿಗೆ ಅದು ಅನ್ವಯಿಸದು.

ಬಿಡುವ ಮುನ್ನ

ಆದುದರಿಂದ ಕೆಲಸ ಬಿಡುವುದು ಹಲವರ ಪಾಲಿಗೆ ವಿವೇಕವೇ ಸರಿ. ಆದರೆ ಸಿಟ್ಟಿನಲ್ಲಿ ಬಿಡುವುದು ಬೇಡ. ಮೂರು ತಿಂಗಳ ಆದಾಯ, ಖರ್ಚು, ದುಡಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳ ಕಂತು ಹಾಗೂ ಮನೆಖರ್ಚನ್ನು ಕೂಡಿಡಿ. ಬರಬೇಕಾದ ಬಾಕಿಯನ್ನು ಬರಹದಲ್ಲಿ ಕೇಳಿ. ಇ-ಶ್ರಮ್ ನೋಂದಣಿಯನ್ನು ಮಾಡಿಸಿಕೊಳ್ಳಿ. ಜೇಜುರಿಯ ಕೈಗಾರಿಕಾ ವಸಾಹತಿನಲ್ಲಿ ಭವಿಷ್ಯನಿಧಿಯುಳ್ಳ ಕೆಲಸವೊಂದು ದೊರೆತರೆ, ಸಂಬಳ ತುಸು ಕಡಮೆಯೆನಿಸಿದರೂ ಗಂಟೆಯ ಲೆಕ್ಕದಲ್ಲಿ ತೂಗಿ ನೋಡಿ.

ನಮ್ಮ ಬಾಗಿಲಿಗೆ ಬಂದವನಿಗೆ ಒಂದು ತಂಬಿಗೆ ನೀರು ಕೊಡುವುದು, ಕೇಳಿದರೆ ಬಚ್ಚಲು ತೋರಿಸುವುದು, ಇಷ್ಟಾದರೂ ನಮ್ಮಿಂದ ಸಾಧ್ಯ. ಕೆಲಸ ಬಿಟ್ಟು ಮನೆಗೆ ಬಂದ ಮಗನನ್ನು ಹಳಿಯುವ ಮೊದಲು ಅವನ ಲೆಕ್ಕದ ಪುಸ್ತಕವನ್ನೊಮ್ಮೆ ಓದುವುದು ಹಿರಿಯರ ಕರ್ತವ್ಯ.